ಬೆಳಕಿನ ಅಳತೆಗೋಲು

ಮಾಗಿಯ ಬೆಳಗಿನಲ್ಲಿ ಯಲಹಂಕದ ಬಳಿಯ ಅಟ್ಟೂರಿನ ಕೆರೆಯೇರಿಯ ಮೇಲೆ ನಿಂತವರಿಗೆ ಎದುರು ದಡವೇ ಕಾಣದಂತೆ ಮಂಜು ಕವಿಯುವುದು ಹೊಸ ಸಂಗತಿಯಲ್ಲ. ಅದೇ ಮಂಜು ದೇವನಹಳ್ಳಿಯ ವಿಮಾನನಿಲ್ದಾಣವನ್ನು ಮುಸುಕಿದರೆ ವಿಮಾನಗಳು ನಿಂತು, ಪ್ರಯಾಣಿಕರು ಗಂಟೆಗಟ್ಟಲೆ ಕಾಯುವರು. ಹಿಂದಿನ ರಾತ್ರಿ ಹೊಗೆಯೂ ಧೂಳೂ ಯಾವ ಎತ್ತರದಲ್ಲಿ ನೆಲೆಸಿದ್ದವೆಂಬುದನ್ನು ನೆಲದ ಮೇಲಿಟ್ಟ ಮಾಪಕವು ಹೇಳಲಾರದು. ಹೇಳಬಲ್ಲ ಯಂತ್ರವೊಂದುಂಟು, ಅದರ ಹೆಸರು ಲೈಡಾರ್.

ಇದರ ತತ್ತ್ವವು ಪಾಳುಬಾವಿಗೆ ಕಲ್ಲೆಸೆದು ಸದ್ದಿಗೆ ಕಿವಿಗೊಡುವ ಹಳ್ಳಿಗನಿಗೂ ತಿಳಿದುದೇ. ಲೇಸರ್ ಬೆಳಕಿನ ಕಿರುಮಿಡಿತವನ್ನು ಬಾನಿಗೆ ಬಿಟ್ಟು, ಮೋಡಕ್ಕೋ ಧೂಳಿಗೋ ತಾಗಿ ಮರಳಿದ ಅಲ್ಪ ಬೆಳಕನ್ನು ದೂರದರ್ಶಕದಿಂದ ಹಿಡಿಯುವರು. ಬೆಳಕು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರು ಓಡುವುದಷ್ಟೆ. ಸೆಕೆಂಡಿನ ಲಕ್ಷದಲ್ಲೊಂದು ಭಾಗದಲ್ಲಿ ಅದು ಮರಳಿದರೆ ಮೋಡವು ಒಂದೂವರೆ ಕಿಲೋಮೀಟರು ಮೇಲಿದೆಯೆಂದು ಲೆಕ್ಕ. ತಿಳಿಯಾದ ಕಡಲ ಮೇಲೆ ವಿಮಾನದಿಂದ ಕಿರಣಗಳನ್ನು ಬಿಟ್ಟರೆ ಅತಿಕೆಂಪು ಕಿರಣವು ನೀರಿನ ಮೇಲ್ಮೈಯಿಂದಲೇ ಮರಳುವುದು, ಹಸುರು ಕಿರಣವು ತಳವನ್ನು ಮುಟ್ಟಿ ಮರಳುವುದು. ಎರಡರ ಕಾಲಾಂತರದಿಂದ ಆಳವು ತಿಳಿಯುವುದು. ದಟ್ಟವಾದ ಮೋಡವನ್ನಾಗಲಿ ಕೆಸರುನೀರನ್ನಾಗಲಿ ಇದು ಭೇದಿಸಲಾರದೆಂಬುದನ್ನೂ ಹೇಳಬೇಕು.

ಈ ವಿದ್ಯೆಗೂ ನಮ್ಮ ಊರಿಗೂ ಹಳೆಯ ನಂಟಿದೆ. ೧೯೨೧ರಲ್ಲಿ ವಿಲಾಯತಿಯಿಂದ ಹಡಗಿನಲ್ಲಿ ಮರಳುವಾಗ ಕಡಲಿನ ನೀಲಿಗೆ ಕಾರಣವನ್ನು ಅರಸಿದ ಸರ್ ಚಂದ್ರಶೇಖರ ವೆಂಕಟರಾಮನ್ನರು ೧೯೨೮ರ ಫೆಬ್ರವರಿ ೨೮ರಂದು ಒಂದು ಸತ್ಯವನ್ನು ಕಂಡರು: ಅಣುಗಳಿಂದ ಚದುರಿದ ಬೆಳಕಿನ ಒಂದು ಸಣ್ಣ ಪಾಲು ಬಣ್ಣವನ್ನು ಬದಲಿಸುವುದು, ಆ ಬದಲಾವಣೆಯೇ ಆಯಾ ಅಣುವಿನ ಗುರುತು. ಇಂದು ರಾಮನ್ ಲೈಡಾರುಗಳು ಬಾನಿನಲ್ಲಿರುವ ನೀರಾವಿಯನ್ನು ಅಳೆಯುವುದು ಈ ಗುರುತಿನಿಂದಲೇ. ೧೯೩೩ರಲ್ಲಿ ಬೆಂಗಳೂರಿಗೆ ಬಂದ ಅವರು ೧೯೪೮ರಲ್ಲಿ ಸ್ಥಾಪಿಸಿದ ಸಂಶೋಧನಾಲಯವು ಮೇಖ್ರಿ ವೃತ್ತದ ಬಳಿ, ಯಲಹಂಕದವರು ಪೇಟೆಗೆ ಹೋಗುವ ಹಾದಿಯಲ್ಲಿಯೇ ಇದೆ.

ಪರದೇಶಗಳು ಸುಮ್ಮನಿಲ್ಲ. ಅಮೆರಿಕ ಮತ್ತು ಫ್ರಾನ್ಸುಗಳ ಕ್ಯಾಲಿಪ್ಸೊ ಉಪಗ್ರಹವು ೨೦೦೬ರಿಂದ ೨೦೨೩ರವರೆಗೆ ಆಕಾಶದಿಂದ ಲೇಸರನ್ನು ಬೀರಿ ಧೂಳಿನ ಪದರಗಳನ್ನಲ್ಲದೆ ಕಡಲಿನ ಸೂಕ್ಷ್ಮಸಸ್ಯಗಳನ್ನೂ ಗುರುತಿಸಿತು. ೨೦೨೪ರಲ್ಲಿ ಯೂರೋಪು ಮತ್ತು ಜಪಾನುಗಳು ಅರ್ಥ್‌ಕೇರ್ ಎಂಬುದನ್ನು ಹಾರಿಸಿದವು. ನಮ್ಮಲ್ಲಿಯೂ ತಿರುಪತಿಯ ಬಳಿಯ ಗಾದಂಕಿಯಲ್ಲಿ ೧೯೯೮ರಲ್ಲಿಯೇ ಲೈಡಾರ್ ಸ್ಥಾಪಿತವಾಯಿತು. ಟಾಟಾ ವಿಜ್ಞಾನಮಂದಿರದಲ್ಲಿ ವಾಯುಮಂಡಲ ಮತ್ತು ಸಾಗರಗಳ ಅಭ್ಯಾಸಕ್ಕೆ ಪ್ರತ್ಯೇಕ ವಿಭಾಗವುಂಟು. ಜಕ್ಕೂರಿನ ನೆಹರೂ ಕೇಂದ್ರದ ಪಂಡಿತರು ವಿಮಾನನಿಲ್ದಾಣದ ಮಂಜನ್ನೇ ಅಭ್ಯಸಿಸಿರುವರು.

ಹೀಗಿರುವಲ್ಲಿ ಕೊರತೆಯು ಪಾಂಡಿತ್ಯದ್ದಲ್ಲ; ಆ ಪಾಂಡಿತ್ಯದ ಫಲವು ಜನರನ್ನು ಮುಟ್ಟದಿರುವುದೇ ಕೊರತೆ. ಮಾಗಿಯ ರಾತ್ರಿ ನೆಲವು ತಣಿದು, ಮೇಲಣ ಬೆಚ್ಚನೆಯ ಗಾಳಿಯು ಮುಚ್ಚಳದಂತೆ ಕುಳಿತಾಗ ಊರಿನ ಹೊಗೆಯೆಲ್ಲವೂ ಕೆಳಗೇ ಉಳಿಯುವುದು. ಆ ಮುಚ್ಚಳವು ಎಷ್ಟು ತಗ್ಗಿನಲ್ಲಿದೆಯೆಂದು ಮುಂಚೆಯೇ ತಿಳಿದರೆ ಕಸ ಸುಡುವುದನ್ನು ಅಂದು ತಡೆಯಬಹುದು. ಉಬ್ಬಸದವರಿಗೆ ಎಚ್ಚರಿಕೆ ಹೇಳಬಹುದು. ಆದುದರಿಂದ ನಗರದ ಉತ್ತರ ಭಾಗದಲ್ಲಿ ಶಾಶ್ವತವಾದ ಲೈಡಾರ್ ಠಾಣೆಯೊಂದನ್ನು ನಿಲ್ಲಿಸಿ, ಅದರ ವರದಿಯನ್ನು ಪ್ರತಿದಿನವೂ ಕನ್ನಡದಲ್ಲಿ ಪ್ರಕಟಿಸಬೇಕೆಂದು ಅಧಿಕಾರಿಗಳಲ್ಲಿ ಅರಿಕೆಮಾಡುವೆವು. ಖರ್ಚು ಹೆಚ್ಚೆನ್ನುವವರು ನಿಂತ ವಿಮಾನಗಳ ನಷ್ಟವನ್ನೂ ಆಸ್ಪತ್ರೆಯ ವೆಚ್ಚವನ್ನೂ ಒಮ್ಮೆ ಕೂಡಿ ನೋಡಲಿ. ದೀಪವನ್ನು ಹಚ್ಚಿದವರ ಮನೆಯಲ್ಲಿಯೇ ಕತ್ತಲೆಯಿರುವುದು ನಮಗೆ ಶೋಭಿಸದು.