ಮಾಡಿನ ಮೇಲೆ ಮಲಗಿದ ಮಳೆಮರ

ಮರ ಬಿದ್ದ ಜಾಗಕ್ಕೆ ಹೋದವರ ಕಣ್ಣು ಮೊದಲು ಮುರಿದ ಮಾಡಿನತ್ತ ಹೊರಳುತ್ತದೆ. ಫೋರ್ಟ್ ಕೊಚ್ಚಿಯ ಒಂದು ಹಳೆಯ ವ್ಯಾಪಾರಿ ಕಚೇರಿಯ ಅಂಗಳದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಿದ್ದ ಮಳೆಮರದ ಬುಡ. ಆಳೆತ್ತರಕ್ಕೆ ಮೇಲೆದ್ದ ಬೇರುಗಳ ಗೋಡೆ. ಮೂರು ಕಡೆ ಬೇರುಗಳು ಹಸಿಮರಳು ಮೆತ್ತಿಕೊಂಡು, ಎಳೆದು ಹರಿದಂತೆ ಸಿಗುರೆದ್ದಿದ್ದವು. ರಸ್ತೆಯ ಕಡೆಯವು ಮಾತ್ರ ಒಂದೇ ಗೆರೆಗೆ ಕೊಯ್ದಂತೆ ಸಪಾಟು. ಕೊಯ್ದ ಬಾಯಿ ಕಪ್ಪಾಗಿತ್ತು. ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು. ಗಾಳಿ ಬರುವುದಕ್ಕೆ ವರ್ಷಗಳ ಮೊದಲೇ ಆ ಕಡೆಯ ಬೇರು ಹೋಗಿತ್ತು. ಆ ಗೆರೆಗೆ ಸರಿಯಾಗಿ ಕಾಂಕ್ರೀಟ್ ಚರಂಡಿ ಓಡುತ್ತದೆ. ಮರ ಉರುಳಿದ್ದು ಅದರ ಎದುರು ದಿಕ್ಕಿಗೆ, ಕಚೇರಿಯ ಮೇಲೆ.

ರಾತ್ರಿಯಾದ್ದರಿಂದ ಒಳಗೆ ಯಾರೂ ಇರಲಿಲ್ಲ. ಲೆಕ್ಕದವರು ಕೂರುವ ಮೇಜುಗಳ ಮೇಲೆ ದಪ್ಪನೆಯ ಗೆಲ್ಲೊಂದು ಅಡ್ಡ ಬಿದ್ದಿತ್ತು, ಎಲೆ ಇನ್ನೂ ಹಸಿರಾಗಿಯೇ ಇತ್ತು. “ಸಾರೇ, ಹಗಲಾಗಿದ್ದರೆ?” ಎಂದಷ್ಟೇ ಕೇಳಿದರು ಅಲ್ಲಿನ ಕಾವಲುಗಾರ ಚೇಟ್ಟ.

ಆ ಮಾಡಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಮುರಿದ ಪಕ್ಕಾಸು, ರೀಪುಗಳ ರಾಶಿಯಲ್ಲಿ ಒಂದು ಹಂಚಿನ ತುಂಡು ಮಗುಚಿದರೆ ಹಿಂಬದಿಯಲ್ಲಿ ಬಾಸೆಲ್ ಮಿಷನ್ನಿನ ಉಬ್ಬಕ್ಷರ! ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಶುರುಮಾಡಿದ ಕಾರ್ಖಾನೆಯ ಕುಲದ್ದು. ಊರಿನ ಹೆಸರಿದ್ದ ಭಾಗ ಒಡೆದುಹೋಗಿತ್ತು. ಮಿಷನ್ನಿನವರು ಕೋಳಿಕ್ಕೋಡಿನಲ್ಲೂ ಫರೋಕಿನಲ್ಲೂ ಹಂಚು ಸುಟ್ಟಿದ್ದಾರೆ, ಹಾಗಾಗಿ ನಮ್ಮೂರಿನದೇ ಎಂದು ಹೇಳಿಬಿಡುವ ಹಾಗಿರಲಿಲ್ಲ. ರಾಶಿಯನ್ನೆಲ್ಲ ಹುಡುಕಿದೆ. ಸಿಕ್ಕಿದ್ದು ಬೇರೆ ಬೇರೆ ಕಾರ್ಖಾನೆಗಳ ಮುದ್ರೆಗಳು: ಒಡೆದಾಗಲೆಲ್ಲ ಸಿಕ್ಕಿದ್ದನ್ನು ತಂದು ತೇಪೆ ಹಾಕಿದ್ದಾರೆ. ಮೊದಲ ಮಹಾಯುದ್ಧದ ನಂತರ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಆದ್ದರಿಂದ ಮಿಷನ್ ಮುದ್ರೆಯ ಆ ಹಂಚು ನೂರು ಮಳೆಗಾಲಗಳನ್ನಾದರೂ ಕಂಡಿದೆ. ಹಡಗೇರಿ ಮುಂಬಯಿಗೆ, ಪೂರ್ವ ಆಫ್ರಿಕಕ್ಕೆ ಹೋದ ಸರಕು ಇದೇ. ಒಂದರ ಅಂಚು ಇನ್ನೊಂದರ ಕಾಲುವೆಯಲ್ಲಿ ಕೂತು ನೀರನ್ನು ಹೊರಗೇ ಇಳಿಸುವ ಆ ಜೋಡಣೆಗೆ ಕರಾವಳಿಯ ಮಳೆ ಇಂದಿಗೂ ಸೋಲುತ್ತದೆ. ಆದರೆ ಒಂದು ಕಾರ್ಖಾನೆಯ ಅಚ್ಚು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಹಳೆಯ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ. ಈ ಮಾಡು ಮೊದಲಿನಂತೆ ಆಗಲಾರದು ಎನ್ನುವುದು ನನಗೆ ನಿಜವಾದ ಸಂಕಟ.

ಮಳೆಮರ ಇಲ್ಲಿಯದಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದಿಂದ ಬ್ರಿಟಿಷರ ಕಾಲದಲ್ಲಿ ಬಂದು, ಪರೇಡ್ ಮೈದಾನದ ಸುತ್ತಲೂ ನೆರಳಾಗಿ ನಿಂತಿತು. ಕೊಡೆ ಮೂವತ್ತು ಮೀಟರ್ ಹರಡಬಲ್ಲದು. ಫೋರ್ಟ್ ಕೊಚ್ಚಿಯ ನೆಲ ಮರಳು, ಸ್ವಲ್ಪ ತೋಡಿದರೆ ನೀರು. ಬೇರು ಕೆಳಗಿಳಿಯದೆ ಅಗಲಕ್ಕೆ ಹಬ್ಬುತ್ತದೆ, ಆ ಅಗಲವೇ ಅದರ ಬಲ. ಅದನ್ನು ಒಂದು ಕಡೆ ಕಡಿದರೆ ಮೇಲಿನ ಕೊಡೆ ಹಾಯಿಯಂತೆ ಗಾಳಿಯನ್ನು ಹಿಡಿಯುತ್ತದೆ, ಕೆಳಗೆ ಹಿಡಿತವಿಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ ಎಂಬ ಶಾಲೆಯ ಲೆಕ್ಕವನ್ನು ರಸ್ತೆ ತೋಡುವವರು ನೆನಪಿಟ್ಟುಕೊಳ್ಳಬೇಕು.

ಚಂಡಮಾರುತಗಳ ಹೆಸರು ನಮಗೆಲ್ಲ ಗೊತ್ತು: 2017ರ ನವೆಂಬರ್ ಕೊನೆಯಲ್ಲಿ ತಿರುವನಂತಪುರದ ಮೀನುಗಾರರನ್ನು ಬಲಿ ತೆಗೆದುಕೊಂಡ ಓಖಿ, 2021ರ ಮೇ ತಿಂಗಳಲ್ಲಿ ಕೇರಳದಿಂದ ನಮ್ಮ ಉಡುಪಿಯವರೆಗೂ ದಡವನ್ನು ಕೊರೆದ ತೌಕ್ತೆ. ಆದರೆ ಕಚೇರಿ, ಶಾಲೆಗಳ ಮೇಲೆ ಮರ ಬೀಳಿಸುತ್ತಿರುವುದು ಬಹುಪಾಲು ಹೆಸರಿಲ್ಲದ ಗಾಳಿಗಳು. ಕೆಲವೇ ನಿಮಿಷ ಬೀಸುತ್ತವೆ, ಒಂದೆರಡು ವಾರ್ಡುಗಳನ್ನು ಮಾತ್ರ ಸವರಿ ಹೋಗುತ್ತವೆ. ಪಶ್ಚಿಮ ಕರಾವಳಿಯ ಮಳೆ ಈಗ ಎತ್ತರಕ್ಕೆ ಬೆಳೆಯುವ ಗುಡುಗುಮೋಡಗಳ ಸ್ವಭಾವಕ್ಕೆ ತಿರುಗುತ್ತಿದೆ ಎಂದು ಕೊಚ್ಚಿ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯದ ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಅಂಥ ಮೋಡದಿಂದ ತಣ್ಣನೆಯ ಗಾಳಿ ಧಡಕ್ಕನೆ ಕೆಳಗಿಳಿದು ನೆಲಕ್ಕೆ ಬಡಿದು ಹರಡುತ್ತದೆ. ಬೆಂಗಳೂರಿನವರಿಗೆ 2024ರ ಜೂನ್ 2 ನೆನಪಿರಬಹುದು: ಒಂದೇ ದಿನ 111.1 ಮಿ.ಮೀ. ಮಳೆ, ಊರೆಲ್ಲ ಮರಗಳು, ಮೆಟ್ರೊ ಹಳಿಯ ಮೇಲೂ ಗೆಲ್ಲು.

ಗಾಳಿ ಒಂದೇ ಆದರೂ ನೆಲದ ಮಟ್ಟಿಗೆ ತಿರುವನಂತಪುರದ ಕಥೆ ಬೇರೆ. ಅಲ್ಲಿ ನೆಲ ಗಟ್ಟಿ, ಮುರಕಲ್ಲಿನ ಗುಡ್ಡಗಳು. ಆದರೆ ಸರ್ಕಾರಿ ಆವರಣಗಳಲ್ಲಿ ಬುಡದವರೆಗೂ ಇಂಟರ್‌ಲಾಕ್ ಹಾಸುತ್ತಾರೆ, ಬೇರಿಗೆ ಗಾಳಿಯೂ ಇಲ್ಲ ನೀರೂ ಇಲ್ಲ. ಬಿದ್ದ ಮೇಲೆ ಇನ್ನೊಂದು ತೊಡಕು. ಸರ್ಕಾರಿ ಜಾಗದ ಮರ ಬಿದ್ದರೂ ಸರ್ಕಾರಿ ಸ್ವತ್ತೇ. ಅಗ್ನಿಶಾಮಕ ದಳ ದಾರಿಗೆ ಅಡ್ಡವಿದ್ದಷ್ಟನ್ನು ಕೊಯ್ದು ಹೋಗುತ್ತದೆ. ಉಳಿದದ್ದನ್ನು ಸಾಮಾಜಿಕ ಅರಣ್ಯ ವಿಭಾಗದವರು ಬಂದು ಅಳೆದು ಬೆಲೆ ಕಟ್ಟಬೇಕು, ಆಮೇಲೆ ಹರಾಜು. ಸೌದೆಗಷ್ಟೇ ಆಗುವ ಮರಕ್ಕೆ ನಾಟದ ಬೆಲೆ ಕಟ್ಟಿದರೆ ಕೂಗುವವರು ಬರುವುದಿಲ್ಲ. ದಿಮ್ಮಿಗಳು ಅಂಗಳದಲ್ಲೇ ಗೆದ್ದಲು ಹಿಡಿಯುತ್ತವೆ. ಮಳೆಗಾಲದ ಮೊದಲು 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಹೆಸರಿನಲ್ಲಿ ಜಿಲ್ಲಾಧಿಕಾರಿಗಳ ಆದೇಶ ಬರುತ್ತದೆ: ಅಪಾಯದ ಮರಗಳನ್ನು ತೆಗೆಸಿ, ಇಲ್ಲದಿದ್ದರೆ ನೀವೇ ಹೊಣೆ. ಹೊಣೆ ಬರುತ್ತದೆ, ಬೇರು ನೋಡಿ ಹೇಳಬಲ್ಲವರು ಬರುವುದಿಲ್ಲ. ಇಂಥ ಆದೇಶಗಳ ಮೇಲೆ ನನಗೆ ನಂಬಿಕೆ ಕಡಿಮೆ.

ಹಾಗೆಂದು ಭಯ ಸುಳ್ಳಲ್ಲ. 2023ರ ಜುಲೈ 3ರಂದು ನಮ್ಮ ಕಾಸರಗೋಡಿನ ಅಂಗಡಿಮೊಗರು ಸರ್ಕಾರಿ ಶಾಲೆಯಲ್ಲಿ ಮಕ್ಕಳು ಮನೆಗೆ ಹೊರಟ ಹೊತ್ತಿಗೆ ಮರ ಬಿದ್ದು ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಅದನ್ನು ಓದಿದವರು ಮರಗಳನ್ನೆಲ್ಲ ಕಡಿಸಿಬಿಡಿ ಎಂದರೆ ನಾನು ಸಿಟ್ಟಾಗಲಾರೆ. ಆದರೂ ಬೇರು ಕಡಿಯುವುದನ್ನು ಬಿಡದೆ ಮರ ಕಡಿಯುತ್ತ ಹೋದರೆ ಉಳಿದ ಮರಗಳೂ ಒಂದೊಂದಾಗಿ ಬೀಳುತ್ತವೆ. ಮರದ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ಇರಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಗೆ ಆದೇಶಿಸಿತ್ತು. ಮಳೆಮರದಷ್ಟು ದೊಡ್ಡದಕ್ಕೆ ಅದೂ ಸಾಲದು.

ಫೋರ್ಟ್ ಕೊಚ್ಚಿಯ ಅದೇ ಚರಂಡಿ ಮುಂದಿನ ಮಳೆಮರದ ಬುಡವನ್ನೂ ಸವರಿಕೊಂಡು ಹೋಗುತ್ತದೆ. ಆ ಮರವನ್ನು ಕಡಿಸಿಕೊಡಿ ಎಂದು ಕಚೇರಿಯವರು ನಗರಪಾಲಿಕೆಗೆ ಅರ್ಜಿ ಬರೆದಿಟ್ಟಿದ್ದರು. ಬಿದ್ದ ಮರದ ಬೇರನ್ನು ತೋರಿಸಿ ಮಾತಾಡಿದ ಮೇಲೆ ತಿದ್ದಲು ಒಪ್ಪಿದರು: ಬೇರು ಪರೀಕ್ಷಿಸಿ, ಕಟ್ಟಡದ ಕಡೆಯ ಭಾರದ ಗೆಲ್ಲುಗಳನ್ನು ಮಳೆಗೆ ಮೊದಲು ಇಳಿಸಿ, ಆಮೇಲೆ ತೀರ್ಮಾನಿಸಿ. ಚರಂಡಿ ತೋಡುವಾಗ ಬೇರು ಕಡಿದದ್ದನ್ನೂ ಅರ್ಜಿಯಲ್ಲಿ ಸೇರಿಸಿ, ಕೊಯ್ದ ಬೇರಿನ ಫೋಟೊ ಲಗತ್ತಿಸಿದರು.