ಸ್ಯಾನ್ ಮಾರ್ಕೊ: ಕೋಣೆಗೊಂದು ಚಿತ್ರವಿರುವ ಮಠ

ಇಟಲಿಯ ಫ್ಲಾರೆನ್ಸಿಗೆ ಹೋದವರು ಮೈಕೆಲೆಂಜೆಲೊನ ‘ಡೇವಿಡ್’ ನೋಡಲು ಅಕಾಡೆಮಿಯಾ ಗ್ಯಾಲರಿಯ ಮುಂದೆ ಸಾಲು ನಿಲ್ಲುತ್ತಾರೆ. ಅಲ್ಲಿಂದ ಕೂಗಳತೆಯಲ್ಲೇ ಸ್ಯಾನ್ ಮಾರ್ಕೊ ಚರ್ಚ್ ಮತ್ತು ಅದಕ್ಕೆ ಹೊಂದಿಕೊಂಡ ಸನ್ಯಾಸಿ ಮಠವಿದೆ. ಪುನರುಜ್ಜೀವನ ಕಾಲದ ಭಿತ್ತಿಚಿತ್ರಗಳನ್ನು ಬರೆದ ಜಾಗದಲ್ಲೇ ನೋಡಬೇಕೆನ್ನುವವರು ಇದನ್ನು ತಪ್ಪಿಸಿಕೊಳ್ಳಬಾರದು.

ಡೊಮಿನಿಕನ್ ಪಂಥದ ಈ ಮಠವನ್ನು 15ನೇ ಶತಮಾನದಲ್ಲಿ ಹೊಸದಾಗಿ ಕಟ್ಟಿಸಿದವನು ನಗರದ ಸಿರಿವಂತ ಕೊಸಿಮೊ ಡಿ ಮೆಡಿಚಿ, ವಾಸ್ತುಶಿಲ್ಪಿ ಮಿಕೆಲೊಜ್ಜೊ. ಗೋಡೆಗಳಿಗೆ ಬಣ್ಣ ತುಂಬಿದವನು ಅದೇ ಪಂಥದ ಸನ್ಯಾಸಿ ಫ್ರಾ ಆಂಜೆಲಿಕೊ. ಹಸಿ ಸುಣ್ಣದ ಗಾರೆ ಆರುವಷ್ಟರಲ್ಲಿ ಬರೆದು ಮುಗಿಸಬೇಕಾದ ಕೆಲಸವಿದು. ಹಾಗಾಗಿ ದಿನಕ್ಕೆ ಎಷ್ಟಾದೀತೋ ಅಷ್ಟೇ ಗಾರೆ ಮೆತ್ತುತ್ತಿದ್ದರು. ಒಣಗಿದ ಮೇಲೆ ಬಣ್ಣ ಗೋಡೆಯದೇ ಭಾಗ.

ಮೆಟ್ಟಿಲು ಹತ್ತುತ್ತಿದ್ದಂತೆ ಎದುರಾಗುವುದು, ಯೇಸುವಿನ ಜನನದ ವಾರ್ತೆಯನ್ನು ದೇವದೂತ ಮರಿಯಳಿಗೆ ತಿಳಿಸುವ ಚಿತ್ರ. ದೂತನ ರೆಕ್ಕೆಗಳಲ್ಲಿ ಪಟ್ಟೆಪಟ್ಟೆಯಾಗಿ ಹಲವು ಬಣ್ಣ. ಮರಿಯ ಕೂತಿರುವುದು ಮಾತ್ರ ಸಾದಾ ಮರದ ಪೀಠದ ಮೇಲೆ. ಹಾದುಹೋಗುವಾಗ ಆಕೆಗೆ ವಂದನೆ ಹೇಳಲು ಮರೆಯದಿರಿ ಎಂಬ ಬರಹ ಚಿತ್ರದ ಬುಡದಲ್ಲೇ ಇದೆ.

ಮೇಲಂತಸ್ತಿನಲ್ಲಿ ನಲವತ್ತಕ್ಕೂ ಹೆಚ್ಚು ಪುಟ್ಟ ಕೋಣೆಗಳು. ಒಂದೊಂದರಲ್ಲೂ ಒಂದು ಕಿಟಕಿ, ಪಕ್ಕದಲ್ಲೇ ಒಂದು ಚಿತ್ರ. ಕೆಲವನ್ನು ಆಂಜೆಲಿಕೊನೇ ಬರೆದ, ಕೆಲವನ್ನು ಅವನ ಸಹಾಯಕರು. ನನ್ನನ್ನು ತುಂಬಾ ಕಾಡಿದ್ದು ಏಳನೇ ಕೋಣೆಯ ಚಿತ್ರ. ಕಣ್ಣಿಗೆ ಬಟ್ಟೆ ಕಟ್ಟಿದ ಯೇಸು ಕುಳಿತಿದ್ದಾನೆ. ಸುತ್ತಲೂ ಹೊಡೆಯುವ ಕೈಗಳು, ಉಗುಳುವ ಒಂದು ತಲೆ. ಹಿಂಸಿಸುವವರ ಮೈ ಎಲ್ಲೂ ಇಲ್ಲ. ಕೆಳಗೆ ಸಂತ ಡೊಮಿನಿಕ್ ಪುಸ್ತಕದಲ್ಲಿ ಮುಳುಗಿದ್ದಾನೆ. ಕಥೆ ಹೇಳುವ ಹಂಗಿಲ್ಲದ ಈ ಚಿತ್ರ, ಕಥೆ ಬಲ್ಲ ಸನ್ಯಾಸಿಯ ಧ್ಯಾನಕ್ಕಾಗಿ ಬರೆದದ್ದು.

ಕೊಸಿಮೊ ತನಗೂ ಇಲ್ಲಿ ಜೋಡಿ ಕೋಣೆ ಇಟ್ಟುಕೊಂಡಿದ್ದ. ಮುಂದೆ ಇದೇ ಮಠದ ಮುಖ್ಯಸ್ಥನಾದ ಸವೊನರೋಲ, ಮೆಡಿಚಿ ಮನೆತನವನ್ನೇ ಎದುರುಹಾಕಿಕೊಂಡ. 1498ರಲ್ಲಿ ನಗರದ ಚೌಕದಲ್ಲಿ ಅವನನ್ನು ಗಲ್ಲಿಗೇರಿಸಿ ಸುಟ್ಟರು. ಅವನಿದ್ದ ಕೋಣೆಗಳನ್ನೂ ನೋಡಬಹುದು. ಸಾಲುಕಂಬಗಳ ನೀಳ ಗ್ರಂಥಾಲಯವೂ, ಕೆಳಗಡೆ ಗಿರ್ಲಾಂಡಾಯೊ ಬರೆದ ‘ಕೊನೆಯ ಭೋಜನ’ವೂ ಇವೆ.

ಮಠ 1869ರಿಂದ ವಸ್ತುಸಂಗ್ರಹಾಲಯ. ಎಲ್ಲ ಕೋಣೆಗಳನ್ನೂ ಒಂದೇ ಉಸಿರಿಗೆ ನೋಡಿ ಮುಗಿಸುವ ಆತುರ ಬೇಡ. ಒಬ್ಬ ಸನ್ಯಾಸಿ ದಿನವೂ ನೋಡಲೆಂದು ಬರೆದ ಚಿತ್ರಗಳಿವು. ನಾಲ್ಕೈದರ ಮುಂದಾದರೂ ಸಾವಧಾನವಾಗಿ ನಿಂತರೆ ಬಂದದ್ದು ಸಾರ್ಥಕ.