ಎದೆಯ ನೀರು ತೆಗೆಸುವುದೆಂದರೆ ಆಸೆ ಬಿಟ್ಟಂತಲ್ಲ

ಕಳೆದ ಮಳೆಗಾಲದಲ್ಲಿ ನಮ್ಮ ಮದ್ರಸದ ಒಬ್ಬ ಹುಡುಗ ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ಬಂದವನಲ್ಲಿ ಕಾರಣ ಕೇಳಿದೆವು. "ಉಸ್ತಾದ್, ಉಮ್ಮನಿಗೆ ಮಲಗ್ಲಿಕ್ಕೆ ಆಗುದಿಲ್ಲ. ರಾತ್ರಿಯಿಡೀ ದಿಂಬಿಗೆ ಒರಗಿ ಕೂತುಕೊಂಡೇ ಇರ್ತಾರೆ" ಅಂತ ಹೇಳಿದ. ಅಂದು ಮಗ್‌ರಿಬ್ ಆದ ಮೇಲೆ ಅವರ ಮನೆಗೆ ಹೋದೆವು.

ಆ ತಾಯಿಗೆ ಎರಡು ವರ್ಷದ ಹಿಂದೆ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಆಗಿತ್ತು. ಈಗ ಬಲಗಡೆಯ ಶ್ವಾಸಕೋಶದ ಸುತ್ತ ನೀರು ತುಂಬಿದೆ, ಪೈಪ್ ಹಾಕಿ ತೆಗೆಯಬೇಕು ಅಂತ ಡಾಕ್ಟರ್ ಹೇಳಿದ್ದರು. ಚಾವಡಿಯಲ್ಲಿ ಅಣ್ಣತಮ್ಮಂದಿರ ಚರ್ಚೆ ಜೋರಾಗಿಯೇ ನಡೆದಿತ್ತು. "ಪೈಪ್ ಹಾಕಿದ್ರೆ ಮುಗೀತು, ಮತ್ತೆ ಏಳುದಿಲ್ಲ" ಎಂದು ಒಬ್ಬರು. "ತೆಗೆದಷ್ಟೂ ತುಂಬ್ತದೆ, ಸುಮ್ಮನೆ ನೋವು ಯಾಕೆ?" ಎಂದು ಇನ್ನೊಬ್ಬರು. ಎಲ್ಲರೂ ಮಾತಾಡಿದರು. ಒಳಗಿನ ಕೋಣೆಯಲ್ಲಿ ಏದುಸಿರು ಬಿಡುತ್ತಾ ಕೂತಿದ್ದವರನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ಒಂದು ರಾತ್ರಿ ಮಲಗಿ ನಿದ್ದೆ ಮಾಡಿದ್ರೆ ಸಾಕು ನನಗೆ."

ನಾವು ವೈದ್ಯರಲ್ಲ. ಆದರೆ ಮರುದಿನ ಆ ಮನೆಯವರ ಜೊತೆ ಆಸ್ಪತ್ರೆಗೆ ಹೋಗಿ ಡಾಕ್ಟರರ ಎದುರು ಕೂತು ಕೇಳಿ ತಿಳಿದುಕೊಂಡೆವು. ಆಮೇಲೆಯೂ ಇದರ ಬಗ್ಗೆ ಓದಿದೆವು, ವಿಚಾರಿಸಿದೆವು. ಇಂಥ ಚರ್ಚೆ ನಡೆಯುವ ಮನೆಗಳು ನಮ್ಮಲ್ಲಿ ಇನ್ನೂ ಇವೆ ಎಂಬ ಕಾರಣಕ್ಕೆ ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ನೀರು ಎಲ್ಲಿ ತುಂಬುತ್ತದೆ?

ನೀರು ಶ್ವಾಸಕೋಶದ ಒಳಗೆ ತುಂಬುವುದಲ್ಲ. ಶ್ವಾಸಕೋಶದ ಹೊರಗೆ ಒಂದು ತೆಳು ಪೊರೆ, ಎದೆಗೂಡಿನ ಒಳಬದಿಗೆ ಇನ್ನೊಂದು ಪೊರೆ ಉಂಟು. ಇವೆರಡು ಒಂದಕ್ಕೊಂದು ಉಜ್ಜದ ಹಾಗೆ ನಡುವೆ ಕೆಲವೇ ಚಮಚದಷ್ಟು ದ್ರವ ಇರುತ್ತದೆ. ಶ್ವಾಸಕೋಶ, ಸ್ತನ, ಅಂಡಾಶಯದ ಕ್ಯಾನ್ಸರ್ ಅಥವಾ ಲಿಂಫೋಮಾ ಈ ಪೊರೆಗೆ ತಲುಪಿದರೆ ದ್ರವ ಹೆಚ್ಚು ಒಸರುತ್ತದೆ, ಹೋಗುವ ದಾರಿಯೂ ಕಟ್ಟುತ್ತದೆ. ಹೀಗೆ ಲೀಟರ್‌ಗಟ್ಟಲೆ ಸೇರುವುದುಂಟು. ಆಗ ಶ್ವಾಸಕೋಶ ಹಿಂಡಿದಂತಾಗಿ, ಮಲಗಿದರೆ ಉಸಿರು ಕಟ್ಟುತ್ತದೆ.

ಎದೆಯಲ್ಲಿ ನೀರು ಅಂದ ಕೂಡಲೇ ಕ್ಯಾನ್ಸರ್ ಅಂತ ಹೆದರಬೇಡಿ. ಟಿಬಿ, ನ್ಯುಮೋನಿಯಾ, ಹೃದಯದ ತೊಂದರೆಯಲ್ಲೂ ನೀರು ತುಂಬುತ್ತದೆ. ಆದ್ದರಿಂದಲೇ ಮೊದಲು ಸ್ವಲ್ಪ ನೀರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.

ಮೊದಲನೆಯದು: ಸೂಜಿ

ಸ್ಕ್ಯಾನಿಂಗ್‌ನಲ್ಲಿ ಜಾಗ ನೋಡಿ, ಚರ್ಮ ಮರಗಟ್ಟಿಸಿ, ಬೆನ್ನಿನ ಬದಿಯಿಂದ ಸೂಜಿ ಹಾಕಿ ನೀರು ತೆಗೆಯುತ್ತಾರೆ. ಹೆಚ್ಚಿನವರು ಅದೇ ದಿನ ಮನೆಗೆ ಬರಬಹುದು. "ಎಲ್ಲ ಒಮ್ಮೆಗೇ ತೆಗೀರಿ" ಅಂತ ನಾವು ಒತ್ತಾಯ ಮಾಡಬಾರದು. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೂವರೆ ಲೀಟರ್‌ಗಿಂತ ಹೆಚ್ಚು ತೆಗೆಯುವುದಿಲ್ಲ. ಕುಗ್ಗಿದ್ದ ಶ್ವಾಸಕೋಶ ಒಮ್ಮೆಲೇ ಅರಳಿದರೆ ಅದರೊಳಗೇ ನೀರು ಬರುವ ಅಪಾಯ ಉಂಟು.

ಈ ಮೊದಲ ಸೂಜಿ ಮೂರು ವಿಷಯ ಹೇಳಿಕೊಡ್ತದೆ: ನೀರು ಯಾವ ರೋಗದ್ದು, ತೆಗೆದ ಮೇಲೆ ಉಸಿರಾಟ ಹಗುರವಾಯಿತೇ, ಶ್ವಾಸಕೋಶ ಮತ್ತೆ ಅರಳಿತೇ. ಕ್ಯಾನ್ಸರ್‌ನ ನೀರಾದರೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲೇ ಮತ್ತೆ ತುಂಬುತ್ತದೆ. ಪ್ರತಿ ಸಲ ಸೂಜಿಗಾಗಿ ಓಡಾಡುವ ಬದಲು ಮುಂದಿನ ದಾರಿ ಯಾವುದು ಅಂತ ಆಗಲೇ ಕೇಳಬೇಕು.

ಎರಡನೆಯದು: ಪೈಪ್ ಮತ್ತು ಪುಡಿ

ಪಕ್ಕೆಲುಬುಗಳ ನಡುವಿನಿಂದ ಪೈಪ್ ಹಾಕಿ, ತುದಿಯನ್ನು ನೀರಿರುವ ಬಾಟಲಿಗೆ ಮುಳುಗಿಸಿ ಇಡುತ್ತಾರೆ. ದ್ರವ ಹೊರಗೆ ಬರುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. 19ನೇ ಶತಮಾನದಲ್ಲಿ ಜರ್ಮನಿಯ ಬ್ಯುಲಾವ್ ಎಂಬ ವೈದ್ಯರು ಬಳಕೆಗೆ ತಂದ ಉಪಾಯ ಇದು, ಇಂದಿಗೂ ನಡೆಯುತ್ತಿದೆ. ನೀರು ಖಾಲಿಯಾಗಿ ಶ್ವಾಸಕೋಶ ಅರಳಿದ ಮೇಲೆ ಪೈಪಿನ ಮೂಲಕ ಶುದ್ಧೀಕರಿಸಿದ ಟಾಲ್ಕ್ ಪುಡಿಯನ್ನು ಒಳಗೆ ಬಿಡುತ್ತಾರೆ. ಅದರಿಂದ ಎರಡು ಪೊರೆಗಳೂ ಅಂಟಿಕೊಂಡು, ನೀರು ನಿಲ್ಲಲು ಜಾಗವೇ ಇಲ್ಲದಂತಾಗುತ್ತದೆ. ಇದನ್ನು ಪ್ಲೂರೋಡೆಸಿಸ್ ಅನ್ನುತ್ತಾರೆ. ಕೆಲವು ದಿನ ಆಸ್ಪತ್ರೆಯಲ್ಲಿ ಇರಬೇಕು, ಎದೆನೋವು, ಜ್ವರ ಬರುವುದುಂಟು. ಹೆಚ್ಚಿನವರಿಗೆ ಫಲ ಸಿಗುತ್ತದೆ. ಆದರೆ ಅರಳದ ಶ್ವಾಸಕೋಶಕ್ಕೆ ಇದು ಆಗುವುದಿಲ್ಲ.

ಬಾಟಲಿ ಯಾವಾಗಲೂ ಎದೆಗಿಂತ ಕೆಳಗೆ, ನೆಟ್ಟಗೆ ಇರಬೇಕು. ನೋಡಲು ಬಂದವರು ಅದನ್ನೆತ್ತಿ ಮಂಚದ ಮೇಲೆ ಇಡಬಾರದು. ಉಸಿರಿನ ಜೊತೆ ಪೈಪಿನ ನೀರು ಮೇಲೆ ಕೆಳಗೆ ಆಡುವುದು ಸಹಜ, ಗಾಬರಿ ಬೇಡ. ದ್ರವ ಕೆಂಪಗೆ ಬಂದರೂ "ರಕ್ತವೆಲ್ಲ ಹೋಯ್ತು" ಅಂತ ರೋಗಿಯ ಎದುರು ಹೇಳಬೇಡಿ. ಈ ರೋಗದಲ್ಲಿ ಅದು ಹಲವು ಸಲ ಹಾಗೇ ಬರುತ್ತದೆ.

ಇಲ್ಲೊಂದು ಮಾತು. ಸಣ್ಣ ಪೈಪಿಗೆ ಆಸ್ಪತ್ರೆಯಲ್ಲಿ 'ಪಿಗ್‌ಟೇಲ್' ಅನ್ನುತ್ತಾರೆ. ಹೆಸರಲ್ಲೇ ಪಿಗ್ ಉಂಟಲ್ಲ ಉಸ್ತಾದ್, ಹಲಾಲಾ ಅಂತ ಒಬ್ಬರು ನಮ್ಮನ್ನು ಕೇಳಿದ್ದರು. ತುದಿ ಸುರುಳಿಯಾಗಿರುವುದಕ್ಕೆ ಬಂದ ಹೆಸರು ಅದು. ವಸ್ತು ಬರೀ ಪ್ಲಾಸ್ಟಿಕ್.

ಮೂರನೆಯದು: ಮನೆಯಲ್ಲೇ ನೀರು ತೆಗೆಯುವ ಪೈಪ್

ಇದು ನಮ್ಮಲ್ಲಿ ತುಂಬ ಜನರಿಗೆ ಗೊತ್ತಿಲ್ಲ. ಮೆತ್ತನೆಯ ತೆಳು ಪೈಪನ್ನು ಚರ್ಮದ ಅಡಿಯಲ್ಲಿ ಸ್ವಲ್ಪ ದೂರ ಹಾಯಿಸಿ ಎದೆಯೊಳಗೆ ಇಡುತ್ತಾರೆ. ಹೊರಗಿನ ತುದಿಗೆ ಮುಚ್ಚಳ, ಮೇಲೆ ಡ್ರೆಸ್ಸಿಂಗ್, ಅದರ ಮೇಲೆ ಬಟ್ಟೆ. ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ದಿನಕ್ಕೊಮ್ಮೆ ಅಥವಾ ಎರಡು ದಿನಕ್ಕೊಮ್ಮೆ ಮನೆಯವರೇ ಬಾಟಲಿ ಜೋಡಿಸಿ ನೀರು ತೆಗೆದು ಮತ್ತೆ ಮುಚ್ಚುತ್ತಾರೆ. ನರ್ಸ್ ಕಲಿಸಿಕೊಡುತ್ತಾರೆ.

2012ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ಈ ಪೈಪನ್ನೂ ಟಾಲ್ಕ್ ವಿಧಾನವನ್ನೂ ಹೋಲಿಸಿತು. ಉಸಿರಾಟದ ಕಷ್ಟ ಕಡಿಮೆ ಮಾಡುವುದರಲ್ಲಿ ಮೊದಲ ಆರು ವಾರ ಎರಡೂ ಹೆಚ್ಚು ಕಡಿಮೆ ಸಮ, ಮನೆಯ ಪೈಪಿನವರು ಆಸ್ಪತ್ರೆಯಲ್ಲಿ ಕಳೆದ ದಿನಗಳು ಕಡಿಮೆ. 2017ರ ಅಮೆರಿಕದ ಅಧ್ಯಯನದಲ್ಲಿ ದಿನಾ ನೀರು ತೆಗೆದವರ ಪೈಕಿ 100ಕ್ಕೆ 47 ಮಂದಿಗೆ, ದಿನ ಬಿಟ್ಟು ದಿನ ತೆಗೆದವರ ಪೈಕಿ 24 ಮಂದಿಗೆ ಪೊರೆಗಳು ತಾವಾಗಿಯೇ ಅಂಟಿಕೊಂಡವು. ಅಂದರೆ ಪೈಪ್ ಹಾಕಿದರೆ ಕೊನೆಯವರೆಗೂ ಅದೇ ಗತಿ ಎನ್ನುವುದೂ ನಿಜವಲ್ಲ. ಎಷ್ಟೋ ಮಂದಿಗೆ ನೀರು ನಿಂತು ಪೈಪ್ ತೆಗೆಯುತ್ತಾರೆ.

ಎಚ್ಚರಿಕೆ ಬೇಕಾದ್ದು ಸೋಂಕಿನ ಬಗ್ಗೆ. ಕೈ ಸಾಬೂನಿನಿಂದ ತೊಳೆದು, ಗ್ಲೌಸ್ ಹಾಕಿಯೇ ಮುಟ್ಟಬೇಕು. ಡಾಕ್ಟರ್ ಹೇಳಿದ ಅಳತೆಗಿಂತ ಹೆಚ್ಚು ತೆಗೆಯಬಾರದು. ನಡುವೆ ಎದೆನೋವು, ಜೋರು ಕೆಮ್ಮು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಜ್ವರ, ಪೈಪಿನ ಸುತ್ತ ಕೆಂಪು, ಕೀವು, ದ್ರವಕ್ಕೆ ವಾಸನೆ, ಒಮ್ಮೆಲೇ ಏರಿದ ಉಬ್ಬಸ, ಇವುಗಳಲ್ಲಿ ಯಾವುದು ಕಂಡರೂ ನಾಳೆಗೆ ನೋಡುವಾ ಅನ್ನದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ವುಝೂ, ನಮಾಝ್

ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಎದೆಯಿಂದ ನೀರು ಅಥವಾ ರಕ್ತ ಹೊರಬಂದರೆ ವುಝೂ ಮುರಿಯುವುದಿಲ್ಲ. ಎದೆ ವುಝೂವಿನಲ್ಲಿ ತೊಳೆಯುವ ಅಂಗವೂ ಅಲ್ಲ, ಹಾಗಾಗಿ ಡ್ರೆಸ್ಸಿಂಗ್ ಇದ್ದರೂ ವುಝೂ ಮಾಡಬಹುದು. ನಿಲ್ಲಲಾಗದವರು ಕೂತು, ಕೂರಲಾಗದವರು ಮಲಗಿ ನಮಾಝ್ ಮಾಡಲಿ. ಮನೆಯ ಪೈಪಿನವರು ನೀರು ತೆಗೆದು, ಬಾಟಲಿ ಬೇರ್ಪಡಿಸಿ, ಶುದ್ಧ ಮಾಡಿಕೊಂಡ ಮೇಲೆ ನಮಾಝ್ ಮಾಡಿದರೆ ಸುಲಭ. ಆಸ್ಪತ್ರೆಯಲ್ಲಿ ಬಾಟಲಿ ಜೋಡಿಸಿಯೇ ಇರುವವರು ನಮಾಝ್ ಬಿಡದಿರಲಿ, ಮಸ್‌ಅಲದ ವಿವರವನ್ನು ಖತೀಬರಲ್ಲಿ ಕೇಳಲಿ. ನೋಂಬು ಹಿಡಿಯಲಾಗದ, ಗುಣವಾಗುವ ನಿರೀಕ್ಷೆ ಇಲ್ಲದ ರೋಗಿಗೆ ಫಿದ್ಯದ ದಾರಿ ಉಂಟು.

ಖರ್ಚು, ಮತ್ತು ನೆರೆಯವರು

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಅಡ್ಮಿಟ್ ಆಗುವ ಮೊದಲೇ ಕೇಳಿ. ಮನೆಯ ಪೈಪ್‌ಗೆ ಬಾಟಲಿಗಳ ಖರ್ಚು ತಿಂಗಳು ತಿಂಗಳು ಬರ್ತದೆ, ಅದನ್ನೂ ಲೆಕ್ಕ ಹಾಕಿ. ಪಕ್ಕದ ಕೇರಳದಲ್ಲಿ 1993ರಲ್ಲಿ ಕೋಝಿಕ್ಕೋಡ್‌ನಲ್ಲಿ ಶುರುವಾದ ಪೇನ್ ಆಂಡ್ ಪಾಲಿಯೇಟಿವ್ ಸೊಸೈಟಿಯಿಂದ ಬೆಳೆದ ಕೆಲಸ ಮುಂದೆ ಮಲಪ್ಪುರಂನ ಹಳ್ಳಿ ಹಳ್ಳಿಗೆ ತಲುಪಿತು. ಊರಿನ ಸಾಮಾನ್ಯ ಜನರೇ ತರಬೇತಿ ಪಡೆದು ನರ್ಸ್ ಜೊತೆ ರೋಗಿಯ ಮನೆಗೆ ಹೋಗುತ್ತಾರೆ. ನಮ್ಮ ಜಮಾಅತ್‌ಗಳಿಗೂ ಇದು ಆಗದ ಕೆಲಸವೇನಲ್ಲ. ಒಂದು ಮೊಹಲ್ಲಾದಲ್ಲಿ ಡ್ರೆಸ್ಸಿಂಗ್ ಕಲಿತ ಇಬ್ಬರು ಹೆಣ್ಣುಮಕ್ಕಳಿದ್ದರೆ ಎಷ್ಟು ಮನೆಗೆ ಆಸರೆ!

ಕೊನೆಗೆ ನಮ್ಮದೇ ಒಂದು ತಪ್ಪು ಹೇಳಬೇಕು. ಕೆಲವು ವರ್ಷದ ಹಿಂದೆ ನೆರೆಮನೆಯ ಹಿರಿಯರೊಬ್ಬರಿಗೆ ಹೀಗೇ ನೀರು ತುಂಬಿದಾಗ ಅವರ ಮಗ ಬಂದು ಏನು ಮಾಡುವುದು ಅಂತ ಕೇಳಿದ್ದ. "ಸಬರ್ ಮಾಡಿ, ದುಆ ಮಾಡಿ" ಅಂದೆವು, ಅಷ್ಟೇ. ಆ ಹಿರಿಯರು ಎರಡು ವಾರ ಕೂತೇ ರಾತ್ರಿ ಕಳೆದು ಹೋದರು. ಸಬರ್ ರೋಗಿಗೆ ನಾವು ಹೇರುವ ಭಾರವಲ್ಲ. ಮದ್ದು ಮಾಡಿ ಎಂದು ಕಲಿಸಿದ್ದೂ ನಮ್ಮ ನೆಬಿಯವರೇ (ಸ) ಅಲ್ಲವೇ?

ಆ ಹುಡುಗನ ಉಮ್ಮನಿಗೆ ಮನೆಯ ಪೈಪ್ ಹಾಕಿಸಿದರು. ಅದನ್ನು ಆರಿಸಿದ್ದು ಅವರೇ. ನೀರು ತೆಗೆಯುವುದನ್ನು ದೊಡ್ಡ ಮಗಳು ಕಲಿತಳು. ರೋಗ ವಾಸಿಯಾಗಲಿಲ್ಲ. ನಾಲ್ಕು ತಿಂಗಳ ನಂತರ ಅವರು ಅಲ್ಲಾಹನ ಕಡೆಗೆ ಹೊರಟರು. ಆದರೆ ಆ ನಾಲ್ಕು ತಿಂಗಳು ಅವರು ಮನೆಯಲ್ಲೇ ಇದ್ದರು, ಅಡುಗೆಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ಮಕ್ಕಳ ಜೊತೆ ಮಾತಾಡಿದರು. ಪೈಪ್ ಹಾಕಿದ ಮರುದಿನ ಹುಡುಗ ಮದ್ರಸಕ್ಕೆ ಬಂದವನು ಪುಸ್ತಕ ತೆರೆಯುವ ಮೊದಲೇ ಹೇಳಿದ್ದ: "ಉಸ್ತಾದ್, ಉಮ್ಮ ನಿನ್ನೆ ಮಲಗಿದ್ರು."

ನಿಮ್ಮ ಮನೆಯಲ್ಲಿ ಇಂಥ ರೋಗಿ ಇದ್ದರೆ ಚಾವಡಿಯ ಚರ್ಚೆ ಸ್ವಲ್ಪ ನಿಲ್ಲಿಸಿ. ಒಳಗೆ ಹೋಗಿ ಅವರನ್ನೇ ಕೇಳಿ. ಆ ತಾಯಿಯ ಮಗ್‌ಫಿರತ್‌ಗಾಗಿ ದುಆ ಮಾಡಿ.